ಬಟನ್ ಒತ್ತಿದ್ರ ಫ್ಯಾನ್ ಕಾಲು ಸುತ್ತು ತಿರುಗಿ ನಿಲ್ತದ: ಎಸ್‌ಎಂಪಿಎಸ್ಸೋ, ಮದರ್‌ಬೋರ್ಡೋ?

ಕಲಬುರಗಿ ಡಿಟಿಪಿ

ನಮಸ್ಕಾರ್ರಿ. ಡಿಟಿಪಿ ಅಂಗಡಿ ಡೆಸ್ಕ್‌ಟಾಪ್ ಚಾಲೂ ಆಗವಲ್ದು. ಇಬ್ಬರ ಕಡೆ ಕೇಳಿದ್ದಾಯ್ತು. ಒಬ್ಬರು ಬೋರ್ಡ್ ಹೋಗ್ಯಾದ ಅಂತಾರ, ಇನ್ನೊಬ್ಬರು ಎಸ್‌ಎಂಪಿಎಸ್ (ಮಷೀನಿಗೆ ಕರೆಂಟ್ ಕೊಡೋ ಡಬ್ಬಿ) ಅಂತಾರ. ಇಬ್ಬರೂ ಮೀಟರ್ ಹಚ್ಚಿ ನೋಡಿಲ್ಲ. ರೊಕ್ಕ ಹಾಕೋ ಮೊದಲು ಖರೇನೇ ಏನು ಕೆಟ್ಟದ ಅಂತ ಗೊತ್ತಾಗಬೇಕು.

ಮಷೀನ್ 2012ರಾಗ ಜೋಡಿಸಿದ್ದು. ಇಂಟೆಲ್ ಐ3-2120, ಎಚ್61 ಬೋರ್ಡ್, 2 ಜಿಬಿದು ಎರಡು ಡಿಡಿಆರ್3 ರ‍್ಯಾಮ್, 500 ಜಿಬಿ ಹಾರ್ಡ್‌ಡಿಸ್ಕ್, 450 ವ್ಯಾಟ್ ಅಂತ ಬರೆದ ಲೋಕಲ್ ಎಸ್‌ಎಂಪಿಎಸ್. ಬ್ಯಾರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ. ವಿಂಡೋಸ್ 7, ಪುಟ ಜೋಡಿಸೋ ಪೇಜ್‌ಮೇಕರ್ 7, ಕನ್ನಡ ಟೈಪಿಂಗಿನ ನುಡಿ.

ಎರಡು ತಿಂಗಳಿಂದ ಮುಂಜಾನೆ ನಾಲ್ಕೈದು ಸಲ ಬಟನ್ ಒತ್ತಿದ ಮ್ಯಾಲ ಚಾಲೂ ಆಗ್ತಿತ್ತು. ಒಮ್ಮೆ ಆದ್ರ ರಾತ್ರಿ ತನಕ ಏನೂ ತಕರಾರಿಲ್ಲ. ಮಧ್ಯಾಹ್ನ ಬಂದ್ ಮಾಡಿ ಹಚ್ಚಿದ್ರೂ ಒಂದೇ ಸಲಕ್ಕ ಆಗ್ತಿತ್ತು. ರಾತ್ರಿ ಗೋಡೆ ಸ್ವಿಚ್ ಬಂದ್ ಮಾಡೇ ಹೋಗೋದು. ಈಗ ನಾಲ್ಕು ದಿನದಿಂದ ಎಷ್ಟು ಸಲ ಒತ್ತಿದ್ರೂ ಸಿಪಿಯು ಫ್ಯಾನ್ ಕಾಲು ಸುತ್ತು ತಿರುಗಿ ನಿಂತು ಬಿಡ್ತದ. ಬೀಪ್ ಇಲ್ಲ, ಮಾನಿಟರ್ ಮ್ಯಾಲ ಏನೂ ಬರಂಗಿಲ್ಲ.

ಇನ್ನೂ ಎರಡು ಮಾತು. ತಾರೀಖು ದಿನಾ ಮುಂಜಾನೆ 2012ರ ಜನವರಿ 1ಕ್ಕ ಹೋಗ್ತಿತ್ತು. ಮತ್ತ ಬರಿಗಾಲಿಲೆ ಶಹಾಬಾದಿ ಫರ್ಸಿ ಮ್ಯಾಲ ನಿಂತು ಕ್ಯಾಬಿನೆಟ್ ಮುಟ್ಟಿದ್ರ ಜುಮ್ ಅಂತದ.

ರ‍್ಯಾಮ್ ತೆಗೆದು ರಬ್ಬರ್‌ಲೆ ತಿಕ್ಕಿ ಹಾಕಿದ್ದಾಯ್ತು, ಫರಕ್ ಇಲ್ಲ. ಹತ್ತು ವರ್ಷದ ಲಗ್ನಪತ್ರಿಕೆ, ಬಿಲ್ ಬುಕ್, ಕರಪತ್ರದ ಫೈಲ್ ಎಲ್ಲಾ ಇದರಾಗೇ ಅವ. ಡಿಜಿಟಲ್ ಮಲ್ಟಿಮೀಟರ್ ಅದ, ವೈರ್ ಬಣ್ಣ ಹೇಳಿದ್ರ ಅಳೀತೀನಿ.

ಸೇಡಂ ಸರ್ವಿಸ್

ಮೊದಲು ಬಟನ್ ಒತ್ತೋದು ನಿಲ್ಲಿಸ್ರಿ. ಪ್ರತಿ ಸಲ ಒತ್ತಿದಾಗ ಹಾರ್ಡ್‌ಡಿಸ್ಕಿಗೂ ಅರೆಬರೆ ಕರೆಂಟ್ ಹೋಗ್ತದ, ತಿರುಗಲಿಕ್ಕೆ ಹತ್ತಿ ನಡುವೇ ನಿಲ್ತದ. ಇಷ್ಟು ವರ್ಷದ ಡಿಸ್ಕಿಗೆ ಅದು ಒಳ್ಳೇದಲ್ಲ. ಡಿಸ್ಕಿನ ಎರಡೂ ಕೇಬಲ್ ಈಗೇ ಬಿಚ್ಚಿಡ್ರಿ. ಮಷೀನ್ ರಿಪೇರಿ ಡಿಸ್ಕ್ ಇಲ್ದೇನೂ ಆಗ್ತದ.

ಫೈಲ್ ಅರ್ಜೆಂಟ್ ಬೇಕಂದ್ರ ಡಿಸ್ಕನ್ನ ಇನ್ನೊಂದು ಡೆಸ್ಕ್‌ಟಾಪಿಗೆ ಎರಡನೇ ಡಿಸ್ಕ್ ಅಂತ ಹಚ್ಚಿ ಕಾಪಿ ಮಾಡ್ಕೋರಿ. ಲ್ಯಾಪ್‌ಟಾಪಿಗೆ ಹಚ್ಚೋದಾದ್ರ 12 ವೋಲ್ಟ್ ಅಡಾಪ್ಟರ್ ಜೊತೀಗೆ ಬರೋ ಸಾಟಾ-ಯುಎಸ್‌ಬಿ ಕನೆಕ್ಟರೇ ಬೇಕು. ಬರೇ ಯುಎಸ್‌ಬಿಯ 5 ವೋಲ್ಟ್‌ಲೆ ಲ್ಯಾಪ್‌ಟಾಪ್ ಡಿಸ್ಕ್ ತಿರುಗ್ತದ, ಡೆಸ್ಕ್‌ಟಾಪಿನ ಮೂರೂವರೆ ಇಂಚಿನ ಡಿಸ್ಕ್ ತಿರುಗಂಗಿಲ್ಲ. ಹಚ್ಚಿದಾಗ ವಿಂಡೋಸ್ ಫಾರ್ಮ್ಯಾಟ್ ಮಾಡ್ಲಾ, ಇನಿಶಿಯಲೈಸ್ ಮಾಡ್ಲಾ ಅಂತ ಕೇಳಿದ್ರ ಎರಡಕ್ಕೂ ಬ್ಯಾಡ ಅನ್ರಿ.

ಬೀದರ್ ಬೆಂಚ್

ನೀವು ಬರೆದದ್ದರಾಗ ಒಂದು ಸಾಲು ಅರ್ಧ ರೋಗ ಹೇಳ್ತದ: ಮುಂಜಾನೆ ನಾಲ್ಕೈದು ಸಲ, ಮಧ್ಯಾಹ್ನ ಒಂದೇ ಸಲ. ಸುಟ್ಟ ಬೋರ್ಡಿಗೆ ಮುಂಜಾನೆ ಮಧ್ಯಾಹ್ನ ಅಂತ ಭೇದ ಇರೋದು ಕಮ್ಮಿ. ತಣ್ಣಗಿದ್ದಾಗ ಏಳಂಗಿಲ್ಲ, ಬೆಚ್ಚಗಾದ ಮ್ಯಾಲ ಏಳ್ತದ ಅಂದ್ರ ಬಹಳ ಮಾಡಿ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ಒಣಗ್ಯಾವ. ಒಳಗಿನ ದ್ರವ ವರ್ಷಗಟ್ಟಲೆ ಬಿಸಿಗೆ ಆರಿ ಹೋಗ್ತದ, ಒಳಗಿನ ತಡೆ ಏರ್ತದ. ತಂಪಿನಾಗ ಆ ತಡೆ ಇನ್ನೂ ಹೆಚ್ಚು. ನೀವು ಒತ್ತಿ ಒತ್ತಿ ಅದನ್ನ ಜರಾ ಬೆಚ್ಚಗ ಮಾಡ್ತಿದ್ರಿ, ಐದನೇ ಸಲಕ್ಕ ಏಳ್ತಿತ್ತು. ಪ್ರತಿ 10 ಡಿಗ್ರಿ ಬಿಸಿ ಏರಿದ್ರ ಇಂಥ ಕೆಪಾಸಿಟರಿನ ಆಯುಷ್ಯ ಹೆಚ್ಚು ಕಮ್ಮಿ ಅರ್ಧ ಆಗ್ತದ. ಮೇ ತಿಂಗಳಾಗ ನಿಮ್ಮೂರ ಅಂಗಡಿ ಒಳಗೇ 40 ಡಿಗ್ರಿ ಇದ್ರ, ಧೂಳು ತುಂಬಿದ ಎಸ್‌ಎಂಪಿಎಸ್ ಹೊಟ್ಟಿ ಒಳಗ ಎಷ್ಟಿರ್ತದ ನೋಡ್ರಿ.

ಎಸ್‌ಎಂಪಿಎಸ್ ಒಳಗ ಎರಡು ಸಪ್ಲೈ ಇರ್ತಾವ. ದೊಡ್ಡದು ಬಟನ್ ಒತ್ತಿದ ಮ್ಯಾಲ ಏಳ್ತದ. ಸಣ್ಣದು, ಸ್ಟ್ಯಾಂಡ್‌ಬೈ 5 ವೋಲ್ಟ್, ಗೋಡೆ ಸ್ವಿಚ್ ಹಾಕಿದ ಕ್ಷಣದಿಂದ ನಡೀತಾನೇ ಇರ್ತದ. ದೊಡ್ಡದನ್ನ ಎಬ್ಬಿಸೋದೂ ಈ ಸಣ್ಣದೇ. ಸಣ್ಣದು ಸೋತ್ರ ಬೋರ್ಡ್ ಎಷ್ಟೇ ಚಲೋ ಇರ್ಲಿ, ಫ್ಯಾನ್ ಒಮ್ಮೆ ಜಗ್ಗಿ ನಿಲ್ತದ. ಆದ್ರ ಬೋರ್ಡಿನಾಗ ಶಾರ್ಟ್ ಇದ್ರೂ ಫ್ಯಾನ್ ಹಿಂಗೇ ನಿಲ್ತದ, ಯಾಕಂದ್ರ ಆಗ ಎಸ್‌ಎಂಪಿಎಸ್ ತನ್ನನ್ನ ಕಾಪಾಡ್ಕೊಳ್ಳಲಿಕ್ಕೆ ತಾನೇ ಬಂದ್ ಆಗ್ತದ. ಎರಡರ ನಡುವಿನ ಫರಕ್ ಮೀಟರ್ ಹೇಳ್ತದ.

ಮೀಟರ್ ಡಿಸಿ 20 ವೋಲ್ಟಿಗೆ ಇಡ್ರಿ. ಯುಪಿಎಸ್ ಬಿಟ್ಟು ಪ್ಲಗ್ ನೇರ ಗೋಡೆಗೆ ಹಚ್ಚರಿ, ಯುಪಿಎಸ್ ಬ್ಯಾಟರಿ ಸತ್ತಿದ್ರ ಅದೇ ಇನ್ನೊಂದು ಗೊಂದಲ. ಕಪ್ಪು ಪ್ರೋಬನ್ನ ಖಾಲಿ ಇರೋ ನಾಲ್ಕು ಪಿನ್ ಡ್ರೈವ್ ಕನೆಕ್ಟರಿನ ಕಪ್ಪು ವೈರಿಗೆ ಕೊಡ್ರಿ. ಕೆಂಪು ಪ್ರೋಬಿನ ತುದಿ 24 ಪಿನ್ ಕನೆಕ್ಟರಿನ ಬೆನ್ನ ಕಡೆಯಿಂದ, ವೈರ್ ಒಳಗ ಹೋಗೋ ಸಂದಿನಾಗ ಇಳಿಸ್ರಿ. ಕನೆಕ್ಟರ್ ಬೋರ್ಡಿನಾಗೇ ಇರ್ಲಿ.

ಮೊದಲು ನೇರಳೆ ವೈರ್. ಮಷೀನ್ ಬಂದ್ ಇದ್ದಾಗಲೂ ಅಲ್ಲಿ 4.75ರಿಂದ 5.25 ವೋಲ್ಟ್ ಒಳಗ ಇರಬೇಕು. ಹಂಗೇ ಪ್ರೋಬ್ ಹಿಡಿದು ಇನ್ನೊಬ್ಬರ ಕೈಲೆ ಬಟನ್ ಒತ್ತಿಸ್ರಿ, ಒತ್ತಿದಾಗ ಎಷ್ಟಕ್ಕ ಇಳೀತದ ಅಂತ ಬರ್ಕೋರಿ. ಇದು ಎಲ್ಲಾದಕ್ಕಿಂತ ಮುಖ್ಯ. ಆಮ್ಯಾಲ ಹಸಿರು. ಒಂದೇ ಹಸಿರು ವೈರ್ ಇರ್ತದ, ಒತ್ತೋ ಮೊದಲು 3ರಿಂದ 5 ವೋಲ್ಟ್, ಒತ್ತಿದ ಕೂಡ್ಲೆ ಸೊನ್ನೆ ಹತ್ರ ಬರಬೇಕು. ಸೊನ್ನೆಗೆ ಬಂದ್ರ ನಿಮ್ಮ ಬಟನ್ನೂ ಬೋರ್ಡೂ "ಏಳು" ಅಂತ ಹೇಳ್ಯಾವ, ಕೇಳದಿದ್ದದ್ದು ಎಸ್‌ಎಂಪಿಎಸ್. ಹಸಿರು ಇಳಿಯದೇ ಇದ್ರ ಬಟನ್ ಅಥವಾ ಬೋರ್ಡ್ ನೋಡಬೇಕು. ಬೂದು ವೈರ್ ಎಲ್ಲಾ ವೋಲ್ಟೇಜ್ ಸರಿ ಅದ ಅಂತ ಬೋರ್ಡಿಗೆ ಹೇಳೋದು. ದೊಡ್ಡ ಸಪ್ಲೈ ಎದ್ದು ಅರ್ಧ ಸೆಕೆಂಡ್ ಒಳಗ ಅದು 5 ವೋಲ್ಟಿಗೆ ಏರಬೇಕು, ಅದು ಏರದೇ ಸಿಪಿಯು ಕೆಲಸ ಶುರು ಮಾಡಂಗಿಲ್ಲ.

ಕಡೀಗೆ ಬೋರ್ಡಿನ ಪರೀಕ್ಷೆ. ಗೋಡೆ ಸ್ವಿಚ್ ಬಂದ್ ಮಾಡಿ, ಸಿಪಿಯು ಹತ್ರ ಹಳದಿ-ಕಪ್ಪು ವೈರಿನ ನಾಲ್ಕು ಪಿನ್ ಕನೆಕ್ಟರ್ ಬಿಚ್ಚರಿ. ಮತ್ತ ಸ್ವಿಚ್ ಹಾಕಿ ಒತ್ತರಿ. ಈಗ ಫ್ಯಾನ್ ನಿಲ್ಲದೇ ತಿರುಗಿದ್ರ ಸಿಪಿಯುಗೆ ಕರೆಂಟ್ ಕೊಡೋ ಮಾಸ್‌ಫೆಟ್ ಶಾರ್ಟ್ ಆಗಿರೋ ಅನುಮಾನ ಬಲ ಆಗ್ತದ, ಅಂದ್ರ ಬೋರ್ಡ್. ಬಿಚ್ಚಿದ್ರೂ ಮೊದಲಿನಂಗೇ ನಿಂತ್ರ ಆ ಜಾಗದ ಶಾರ್ಟ್ ಅಲ್ಲ. ಮುಂದಿನ ಯುಎಸ್‌ಬಿ ಕೇಬಲ್ ಸೈತ ಬೋರ್ಡಿನಿಂದ ಕಿತ್ತು ಇದೇ ಪರೀಕ್ಷೆ ಮಾಡ್ರಿ. ಪೆನ್‌ಡ್ರೈವ್ ಹಾಕಿ ಹಾಕಿ ಒಳಗಿನ ಪಿನ್ ಬಾಗಿ ಒಂದಕ್ಕೊಂದು ತಾಗಿದ್ರ ಇಡೀ ಮಷೀನ್ ಏಳಂಗಿಲ್ಲ, ಜನ ಬೋರ್ಡ್ ಬದಲಿಸಿ ಬಿಡ್ತಾರ.

ತಾರೀಖಿನ ತಕರಾರು ಬ್ಯಾರೆ. ಬೋರ್ಡ್ ಮ್ಯಾಲಿನ ನಾಣ್ಯದಂಥ ಸಿಆರ್2032 ಸೆಲ್ ತೆಗೆದು ಅಳೀರಿ. ಹೊಸಾದು 3 ವೋಲ್ಟ್ ಮ್ಯಾಲೇ ತೋರಸ್ತದ, 2.7ಕ್ಕಿಂತ ಕೆಳಗಿದ್ರ ಬದಲಿಸ್ರಿ. ರಾತ್ರಿ ಗೋಡೆ ಸ್ವಿಚ್ ಬಂದ್ ಮಾಡಿದಾಗ ಗಡಿಯಾರ ಪೂರಾ ಆ ಸೆಲ್ ಮ್ಯಾಲೇ ನಡೀತದ, ಅದಕ್ಕೇ ನಿಮಗ ಮುಂಜಾನೇನೇ ತಾರೀಖು ಕೆಡ್ತಿತ್ತು. ಹಂಗಂತ ಸ್ವಿಚ್ ಹಾಕಿಟ್ಟು ಹೋಗಬ್ಯಾಡ್ರಿ, ನೀವು ಮಾಡೋದು ಸರಿ ಅದ.

ಯಾದಗಿರಿ ವೈರಿಂಗ್

ಕಂಪ್ಯೂಟರ್ ವಿಷಯ ಬೀದರಿನವರು ಸರಿಯಾಗಿ ಹೇಳಿದ್ದಾರೆ. ನಾನು ಆ "ಜುಮ್" ಬಗ್ಗೆ ಬರೀತೀನಿ, ಅದನ್ನು ಸಣ್ಣದು ಅಂತ ಬಿಡಬೇಡಿ.

ಎಸ್‌ಎಂಪಿಎಸ್‌ನ ಕರೆಂಟ್ ಒಳಬರುವ ಬಾಯಲ್ಲಿ ಎರಡು ಸಣ್ಣ ಕೆಪಾಸಿಟರ್ ಇರುತ್ತವೆ. ಒಂದು ಫೇಸ್‌ನಿಂದ ಕ್ಯಾಬಿನೆಟ್‌ಗೆ, ಇನ್ನೊಂದು ನ್ಯೂಟ್ರಲ್‌ನಿಂದ ಕ್ಯಾಬಿನೆಟ್‌ಗೆ. ಗದ್ದಲದ ತರಂಗಗಳನ್ನು ಅರ್ಥ್‌ಗೆ ಇಳಿಸುವುದು ಅವುಗಳ ಕೆಲಸ. ಅರ್ಥ್ ಸರಿ ಇದ್ದರೆ ಆ ಸಣ್ಣ ಸೋರಿಕೆ ನೆಲಕ್ಕೆ ಹೋಗುತ್ತದೆ. ಅರ್ಥ್ ತಂತಿ ಎಲ್ಲೋ ಕಡಿದಿದ್ದರೆ ಕ್ಯಾಬಿನೆಟ್ ಫೇಸ್ ಮತ್ತು ನ್ಯೂಟ್ರಲ್ ನಡುವೆ ತೂಗಾಡುತ್ತಾ ಸುಮಾರು 115 ವೋಲ್ಟ್‌ನಲ್ಲಿ ನಿಲ್ಲುತ್ತದೆ. ಕರೆಂಟಿನ ಪ್ರಮಾಣ ತೀರಾ ಕಡಿಮೆ ಇರುವುದರಿಂದ ಜುಮ್ ಅನ್ನಿಸುತ್ತದೆ, ಹೊಡೆಯುವುದಿಲ್ಲ. ಆದರೆ ನಾಳೆ ಒಳಗೆ ಏನಾದರೂ ನಿಜವಾಗಿ ಶಾರ್ಟ್ ಆಗಿ ಫೇಸ್ ನೇರ ತಗಡಿಗೆ ಬಂದರೆ ಅದನ್ನು ನೆಲಕ್ಕೆ ಒಯ್ಯಲು ದಾರಿಯೇ ಇಲ್ಲ. ಆ ದಿನ ಒರೆಸಿದ ಹಸಿ ಫರ್ಸಿ ಮೇಲೆ ಬರಿಗಾಲಲ್ಲಿ ನಿಂತವರ ಜೀವಕ್ಕೇ ಅಪಾಯ.

ಗೋಡೆಯ ಸಾಕೆಟ್ ಅಳೆಯುವ ರೂಢಿ ಇದ್ದರೆ ಮಾತ್ರ ಅಳೆಯಿರಿ, ಇಲ್ಲದಿದ್ದರೆ ಎಲೆಕ್ಟ್ರಿಷಿಯನ್ ಕರೆಸಿ. ಮೀಟರ್ ಎಸಿ 750 ವೋಲ್ಟ್‌ಗೆ ಇರಲಿ. ಫೇಸ್-ನ್ಯೂಟ್ರಲ್ 230ರ ಆಸುಪಾಸು, ಫೇಸ್-ಅರ್ಥ್ ಹೆಚ್ಚು ಕಡಿಮೆ ಅಷ್ಟೇ, ನ್ಯೂಟ್ರಲ್-ಅರ್ಥ್ ಎರಡು ಮೂರು ವೋಲ್ಟ್ ಒಳಗೆ ಇರಬೇಕು.

ಒಂದು ಎಚ್ಚರಿಕೆ. ಕೆಲವರು ಸಾಕೆಟ್ ಒಳಗೇ ನ್ಯೂಟ್ರಲ್ ಮತ್ತು ಅರ್ಥ್‌ಗೆ ಒಂದು ತುಂಡು ವೈರ್ ಸೇರಿಸಿ "ಅರ್ಥಿಂಗ್ ಆಯ್ತು" ಅಂತಾರೆ. ಮೀಟರ್ ಆಗ ಸೊನ್ನೆ ತೋರಿಸುತ್ತದೆ, ಜುಮ್ ಕೂಡ ನಿಲ್ಲುತ್ತದೆ. ಆದರೆ ಮುಂದೆ ಯಾವತ್ತಾದರೂ ನ್ಯೂಟ್ರಲ್ ತಂತಿ ಕಡಿದರೆ ಅಥವಾ ಫೇಸ್-ನ್ಯೂಟ್ರಲ್ ಅದಲು ಬದಲಾದರೆ ಕ್ಯಾಬಿನೆಟ್ ಮೇಲೆ ಪೂರ್ತಿ 230 ವೋಲ್ಟ್ ಬರುತ್ತದೆ. ಹಾಗೆ ಮಾಡಿಸಲೇಬೇಡಿ.

ಕಲಬುರಗಿ ಡಿಟಿಪಿ

ಅಳೆದೆ. ಡಿಸ್ಕ್ ಬಿಚ್ಚಿಟ್ಟೀನಿ, ಪ್ಲಗ್ ನೇರ ಗೋಡೆಗೆ.

ನೇರಳೆ ವೈರ್ ಬಂದ್ ಇದ್ದಾಗ 4.58. ಬಟನ್ ಒತ್ತಿದಾಗ 3.9ರ ತನಕ ಇಳಿದು ಮತ್ತ ಮ್ಯಾಲ ಬರ್ತದ. ಹಸಿರು ಒತ್ತೋ ಮೊದಲು 4.4, ಒತ್ತಿದ ಕೂಡ್ಲೆ 0.1, ಫ್ಯಾನ್ ನಿಂತ ಮ್ಯಾಲ ಮತ್ತ 4.4. ಬೂದು ಏಳೋದೇ ಇಲ್ಲ, 0.2 ಮ್ಯಾಲ ಹೋಗವಲ್ದು. ನಾಲ್ಕು ಪಿನ್ ಬಿಚ್ಚಿದ್ರೂ ಫ್ಯಾನ್ ಹಂಗೇ ನಿಲ್ತದ. ಮುಂದಿನ ಯುಎಸ್‌ಬಿ ಕಿತ್ತರೂ ಅಷ್ಟೇ. ಸಿಆರ್2032 ಸೆಲ್ 2.1 ವೋಲ್ಟ್.

ಸಾಕೆಟ್ ಎಲೆಕ್ಟ್ರಿಷಿಯನ್ ಕಡೆ ಅಳೆಸೀನಿ, ಮಷೀನ್ ಪ್ಲಗ್ ಅದೇ ಸ್ವಿಚ್‌ಬೋರ್ಡಿನ ಪಕ್ಕದ ಸಾಕೆಟ್ಟಿನಾಗ ಇತ್ತು. ಫೇಸ್-ನ್ಯೂಟ್ರಲ್ 228, ಫೇಸ್-ಅರ್ಥ್ 118, ನ್ಯೂಟ್ರಲ್-ಅರ್ಥ್ 110.

ಎಸ್‌ಎಂಪಿಎಸ್ ಬಿಚ್ಚಿ ಕೆಪಾಸಿಟರ್ ಬದಲಿಸಿದ್ರ ಸ್ವಸ್ತಾದಾಗ ಆಗ್ತದೇನ್ರಿ?

ಬೀದರ್ ಬೆಂಚ್

ಸಂಶಯ ಉಳೀಲಿಲ್ಲ. ಹಸಿರು 0.1ಕ್ಕ ಬಂತು, ಅಂದ್ರ ಬೋರ್ಡ್ ತನ್ನ ಕೆಲಸ ಮಾಡ್ಯಾದ. ನೇರಳೆ ಮೊದಲೇ 4.75ಕ್ಕಿಂತ ಕೆಳಗದ, ಭಾರ ಬಿದ್ದ ಕೂಡ್ಲೆ 3.9ಕ್ಕ ಕುಸೀತದ. ಸ್ಟ್ಯಾಂಡ್‌ಬೈ ಸಪ್ಲೈ ಮುಗದದ. ಎಸ್‌ಎಂಪಿಎಸ್ ಬದಲಿಸ್ರಿ.

ನೀವೇ ಬಿಚ್ಚಿ ಕೆಪಾಸಿಟರ್ ಹಾಕಬ್ಯಾಡ್ರಿ. 230 ವೋಲ್ಟ್ ಎಸಿ ಒಳಗ ಡಿಸಿ ಆದ ಮ್ಯಾಲ ಸುಮಾರು 325 ವೋಲ್ಟ್ ಆಗ್ತದ, ದೊಡ್ಡ ಕೆಪಾಸಿಟರಿನಾಗ ಪ್ಲಗ್ ಕಿತ್ತ ಮ್ಯಾಲೂ ಅದು ಉಳೀಬಹುದು. ಕೆಲಸ ಗೊತ್ತಿದ್ದವರು ಸ್ಟ್ಯಾಂಡ್‌ಬೈ ಕಡೆ ಎರಡು ಮೂರು ಕೆಪಾಸಿಟರ್ ಬದಲಿಸಿ ಎಬ್ಬಿಸ್ತಾರ, ಖರೆ. ಆದ್ರ ಅದೇ ಬಿಸಿಯಾಗ ಅದೇ ವಯಸ್ಸಿನ ಉಳಿದ ಕೆಪಾಸಿಟರ್ ಅಲ್ಲೇ ಇರ್ತಾವ. ಇಂಥ ಹಳೇ ಲೋಕಲ್ ಎಸ್‌ಎಂಪಿಎಸ್‌ನಾಗ ಸ್ಟ್ಯಾಂಡ್‌ಬೈ ಕೆಟ್ಟು ವೋಲ್ಟೇಜ್ ಕೆಳಗ ಹೋದ್ರ ಮಷೀನ್ ಏಳಂಗಿಲ್ಲ ಅಷ್ಟೇ, ಮ್ಯಾಲ ಹೋದ್ರ ಬೋರ್ಡನ್ನೇ ಒಯ್ತದ. ನಿಮ್ಮ ಬೋರ್ಡ್ ಉಳಿದದ, ಅದನ್ನ ಮತ್ತ ಪಣಕ್ಕ ಇಡಬ್ಯಾಡ್ರಿ.

ಹೊಸಾದು ತಗೊಳ್ಳುವಾಗ ಡಬ್ಬಿ ಮ್ಯಾಲಿನ ದೊಡ್ಡ ಅಕ್ಷರದ ವ್ಯಾಟ್ ನೋಡಬ್ಯಾಡ್ರಿ. ಪಕ್ಕದ ಲೇಬಲ್ಲಿನಾಗ 12 ವೋಲ್ಟ್ ಸಾಲಿನ ಕೆಳಗ ಎಷ್ಟು ಆಂಪಿಯರ್ ಅದ ಓದ್ರಿ, 12ಲೆ ಗುಣಿಸ್ರಿ. 450 ವ್ಯಾಟ್ ಅಂತ ಬರೆದು 12 ವೋಲ್ಟಿಗೆ 16 ಆಂಪಿಯರ್ ಕೊಟ್ಟಿದ್ರ ಕೆಲಸಕ್ಕ ಬರೋದು 192 ವ್ಯಾಟ್. ಐ3-2120 ಪ್ರೊಸೆಸರ್ 65 ವ್ಯಾಟಿನದು, ಗ್ರಾಫಿಕ್ಸ್ ಕಾರ್ಡ್ ಇಲ್ಲ, ಒಂದೇ ಡಿಸ್ಕ್. ನಿಮ್ಮ ಪೂರಾ ಮಷೀನ್ 120 ವ್ಯಾಟ್ ದಾಟೋದು ಅಪರೂಪ. 80 ಪ್ಲಸ್ (ಕರೆಂಟ್ ಕಮ್ಮಿ ಹಾಳು ಮಾಡ್ತದ ಅನ್ನೋ) ಗುರುತಿರೋ, ಖರೇನೇ 350 ವ್ಯಾಟ್ ಕೊಡೋ ಎಸ್‌ಎಂಪಿಎಸ್ ಧಾರಾಳ ಆಯ್ತು. 24 ಪಿನ್, ಸಿಪಿಯುಗೆ ನಾಲ್ಕು ಪಿನ್, ಕಮ್ಮಿ ಅಂದ್ರ ಎರಡು ಸಾಟಾ ಪವರ್ ಕನೆಕ್ಟರ್ ಇರ್ಲಿ. ಬೆನ್ನ ಹಿಂದ 115/230 ಅಂತ ಕೆಂಪು ಸ್ವಿಚ್ ಇದ್ರ ಹಚ್ಚೋ ಮೊದಲು 230ರಾಗ ಅದ ಅಂತ ಕಣ್ಣಾರೆ ನೋಡ್ಕೋರಿ. 115ರಾಗ ಇಟ್ಟು ನಮ್ಮ ಕರೆಂಟಿಗೆ ಹಚ್ಚಿದ್ರ ಆ ಕ್ಷಣಕ್ಕೇ ಢಂ ಅಂತದ.

ಅಂಗಡಿ ಇನ್ವರ್ಟರ್ ಸ್ಕ್ವೇರ್ ವೇವ್ ಇದ್ರ ಮೊದಲೇ ಹೇಳಿ ತಗೋರಿ. ಆಕ್ಟಿವ್ ಪಿಎಫ್‌ಸಿ (ಗೋಡೆಯಿಂದ ಕರೆಂಟನ್ನ ಸಮನಾಗಿ ಎಳೆಯೋ ಸರ್ಕ್ಯೂಟ್) ಇರೋ ಎಸ್‌ಎಂಪಿಎಸ್ ಕೆಲವು ಅದರ ಮ್ಯಾಲ ಗುಂಯ್‌ಗುಡ್ತಾವ, ಕೆಲವು ಕರೆಂಟ್ ಹೋಗಿ ಇನ್ವರ್ಟರಿಗೆ ಬದಲಾಗುವಾಗ ಬಂದ್ ಆಗ್ತಾವ. ಸೈನ್ ವೇವ್ ಇನ್ವರ್ಟರಿಗೆ ಈ ತೊಂದ್ರೆ ಇಲ್ಲ.

ಸೇಡಂ ಸರ್ವಿಸ್

ಹೊಸಾದು ಕೈಗೆ ಬಂದ ಕೂಡ್ಲೆ ಬೋರ್ಡಿಗೆ ಹಚ್ಚಬ್ಯಾಡ್ರಿ, ಮೊದಲು ಮೇಜಿನ ಮ್ಯಾಲ ನೋಡ್ರಿ. ಪ್ಲಗ್ ಕಿತ್ತು, 24 ಪಿನ್ ಕನೆಕ್ಟರಿನ ಹಸಿರಿಗೂ ಪಕ್ಕದ ಕಪ್ಪಿಗೂ ಯು ಆಕಾರದಾಗ ಬಾಗಿಸಿದ ಪೇಪರ್ ಕ್ಲಿಪ್ ಹಾಕ್ರಿ, ಆಮ್ಯಾಲ ಕರೆಂಟ್ ಕೊಡ್ರಿ. ಫ್ಯಾನ್ ತಿರುಗ್ತದ. ಅಷ್ಟಕ್ಕೇ ಚಲೋ ಅದ ಅಂತ ತಿಳೀಬ್ಯಾಡ್ರಿ, ಖಾಲಿ ಇದ್ದಾಗ ಸೋತದ್ದೂ ಚಲೋ ವೋಲ್ಟೇಜ್ ತೋರಸ್ತದ. ಭಾರ ಕೊಡಬೇಕು. 12 ವೋಲ್ಟ್ 21 ವ್ಯಾಟಿನ ಗಾಡಿ ಬ್ರೇಕ್ ಬಲ್ಬನ್ನ ಡ್ರೈವ್ ಕನೆಕ್ಟರಿನ ಹಳದಿ-ಕಪ್ಪಿಗೆ ಹಚ್ಚಿದ್ರ ಪೌಣೆ ಎರಡು ಆಂಪಿಯರ್ ಎಳೀತದ. ಬಲ್ಬ್ ಉರಿಯುವಾಗ ಹಳದಿ 11.4ರಿಂದ 12.6, ಕೆಂಪು 4.75ರಿಂದ 5.25, ಕೇಸರಿ 3.14ರಿಂದ 3.47 ಒಳಗ ಇರಬೇಕು. ಬಲ್ಬ್ ಕಾಯ್ತದ, ಬರಿಗೈಲೆ ಹಿಡೀಬ್ಯಾಡ್ರಿ.

ಎಸ್‌ಎಂಪಿಎಸ್ ಬಿಚ್ಚಿದಾಗಲೇ ಕ್ಯಾಬಿನೆಟ್ ಧೂಳು ತೆಗೀರಿ. ಈ ಕಡೆ ಸಿಮೆಂಟ್ ಮತ್ತ ಫರ್ಸಿ ಕಲ್ಲಿನ ಧೂಳು, ನಿಮ್ಮ ಕಡೆ ದಾಲ್ ಮಿಲ್ಲಿನ ತೊಗರಿ ಹೊಟ್ಟಿನ ಧೂಳು. ಹೊಟ್ಟಿನ ಧೂಳು ಹೀಟ್‌ಸಿಂಕ್ ಸಂದಿನಾಗ ಕಂಬಳಿ ಹಾಸಿದಂಗ ಕೂಡ್ತದ. ಕಲ್ಲು ಸಿಮೆಂಟಿನ ಧೂಳು ಮಳೆಗಾಲದಾಗ ತೇವ ಹಿಡಿದು ಬೋರ್ಡಿಗೆ ಅಂಟ್ತದ, ಒಣ ಬ್ರಶ್‌ಲೆ ಬೇಸಿಗ್ಯಾಗೇ ತೆಗೆಯೋದು ಛಲೋ. ಬ್ಲೋವರ್ ಹಚ್ಚುವಾಗ ಫ್ಯಾನಿನ ರೆಕ್ಕೆ ಬೆರಳಲೆ ಹಿಡೀರಿ, ಗಾಳಿಗೆ ಜೋರ್ ತಿರುಗಿದ್ರ ಬೇರಿಂಗ್ ಹಾಳಾಗ್ತದ, ತಿರುಗೋ ಮೋಟರ್ ಉಲ್ಟಾ ಕರೆಂಟನ್ನೂ ಬೋರ್ಡಿಗೆ ಕಳಸ್ತದ. ಒಳಗ ಹಲ್ಲಿ ಸತ್ತು ಬಿದ್ದಿದ್ರ ಆ ಜಾಗವನ್ನ ಐಸೊಪ್ರೊಪೈಲ್ ಆಲ್ಕೋಹಾಲ್‌ಲೆ ಒರೆಸ್ರಿ.

ಸಿಪಿಯು ಪೇಸ್ಟ್ ಇಷ್ಟು ವರ್ಷಕ್ಕ ಸುಣ್ಣದಂಗ ಒಣಗಿರ್ತದ. ಕೂಲರಿನ ನಾಲ್ಕೂ ಗುಬುಟನ್ನ ಮ್ಯಾಲಿನ ಬಾಣದ ದಿಕ್ಕಿಗೆ ತಿರುಗಿಸಿ ಎಳೆದ್ರ ಬಿಚ್ತದ. ಹಳೇದನ್ನ ಪೂರಾ ಒರೆಸಿ, ತೊಗರಿ ಕಾಳಿನಷ್ಟು ಹೊಸ ಪೇಸ್ಟ್ ನಡುವೆ ಇಡ್ರಿ, ಬೆರಳಲೆ ಬಳಿಯೋದು ಬ್ಯಾಡ. ಕೂರಿಸುವಾಗ ಗುಬುಟು ಹಿಂದಕ್ಕ ತಿರುಗಿಸಿಟ್ಟು, ಎದುರಾಬದುರು ಮೂಲೆಗೆ ಎರಡೆರಡು ಒತ್ತರಿ, ನಾಲ್ಕಕ್ಕೂ ಟಕ್ ಅಂತ ಸಪ್ಪಳ ಬರಬೇಕು. ಒಂದು ಎದ್ದು ನಿಂತ್ರ ಕೂಲರ್ ಓರೆ ಆಗ್ತದ, ಮಷೀನ್ ಚಾಲೂ ಆಗಿ ಸ್ವಲ್ಪ ಹೊತ್ತಿಗೆ ಬಿಸಿಗೆ ಬಂದ್ ಬೀಳ್ತದ, ನೀವು ಮತ್ತ ಎಸ್‌ಎಂಪಿಎಸ್ ಮ್ಯಾಲ ಅನುಮಾನ ಮಾಡ್ತೀರಿ.

ಯಾದಗಿರಿ ವೈರಿಂಗ್

118 ಮತ್ತು 110, ಎರಡೂ ಕೂಡಿಸಿದರೆ 228. ಅರ್ಥ್ ತಂತಿ ನೆಲಕ್ಕೆ ಸೇರಿಲ್ಲ, ಆ ಸ್ವಿಚ್‌ಬೋರ್ಡ್‌ನಲ್ಲಿ ತೂಗಾಡುತ್ತಿದೆ. ಹೊಸ ಎಸ್‌ಎಂಪಿಎಸ್ ಹಾಕಿದರೂ ಜುಮ್ ಹಾಗೇ ಇರುತ್ತದೆ.

ಎಲೆಕ್ಟ್ರಿಷಿಯನ್‌ಗೆ ಸಾಕೆಟ್‌ನಿಂದ ಮೀಟರ್ ಬೋರ್ಡ್, ಅಲ್ಲಿಂದ ಅರ್ಥ್ ಗುಂಡಿಯವರೆಗೆ ಹಸಿರು ತಂತಿ ಹಿಡಿದು ನೋಡಲು ಹೇಳಿ. ಹೆಚ್ಚಾಗಿ ಗುಂಡಿಯ ಬಳಿ ಕ್ಲಾಂಪ್ ತುಕ್ಕು ಹಿಡಿದು ಬಿಟ್ಟಿರುತ್ತದೆ. ತಂತಿ ಸರಿ ಇದ್ದೂ ಅಳತೆ ಸರಿ ಬರದಿದ್ದರೆ ಗುಂಡಿ ಒಣಗಿದೆ. ನಿಮ್ಮ ಕಡೆಯ ಎರೆಮಣ್ಣು ಮಳೆಗಾಲದಲ್ಲಿ ಒಳ್ಳೆಯ ಅರ್ಥ್ ಕೊಡುತ್ತದೆ, ಬೇಸಿಗೆಯಲ್ಲಿ ಬಿರಿದು ರಾಡ್‌ನ ಸುತ್ತ ಸಂದು ಬಿಡುತ್ತದೆ. ಗುಂಡಿಗೆ ಇದ್ದಿಲು, ಉಪ್ಪು ತುಂಬಿಸಿ, ಏಪ್ರಿಲ್-ಮೇ ತಿಂಗಳಲ್ಲಿ ವಾರಕ್ಕೆ ಎರಡು ಕೊಡ ನೀರು ಹಾಕಿ. ಬೀದರ್ ಕಡೆಯ ಕೆಂಪು ಮುರ್ರಂ ಕಲ್ಲುನೆಲದಲ್ಲಿ ಒಂದು ರಾಡ್ ಸಾಲದೆ ಎರಡು ಹಾಕುವುದೂ ಉಂಟು. ಪ್ಲಗ್‌ನ ಮೂರನೇ ಪಿನ್ ಮುರಿದಿದ್ದರೆ, ಎಕ್ಸ್‌ಟೆನ್ಶನ್ ಬೋರ್ಡ್ ಎರಡೇ ತಂತಿಯದಾಗಿದ್ದರೆ ಅವನ್ನೂ ಬದಲಿಸಿ. ಜೊತೆಗೆ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದ ಕೂಡಲೇ ತಾನೇ ಆಫ್ ಆಗುವ ಸ್ವಿಚ್) ಹಾಕಿಸಿದರೆ ಮನುಷ್ಯರಿಗೆ ಕಾವಲು.

ಕಲಬುರಗಿ ಡಿಟಿಪಿ

ಹೊಸ ಎಸ್‌ಎಂಪಿಎಸ್ ಹಾಕಿದೆ. ಬಲ್ಬ್ ಹಚ್ಚಿ ಅಳೆದಾಗ ಹಳದಿ 12.05, ಕೆಂಪು 5.03, ನೇರಳೆ 5.06. ಹೊಸ ಸೆಲ್, ಹೊಸ ಪೇಸ್ಟ್. ಅರ್ಥ್ ಕ್ಲಾಂಪ್ ಗುಂಡಿ ಹತ್ರ ಬಿಟ್ಟಿತ್ತು, ಬದಲಿಸ್ಯಾರ. ಈಗ ನ್ಯೂಟ್ರಲ್-ಅರ್ಥ್ 1.8, ಜುಮ್ ನಿಂತದ.

ಫ್ಯಾನ್ ನಿಲ್ಲದೇ ತಿರುಗ್ಲಿಕತ್ತದ, ಆದ್ರ ಮಾನಿಟರ್ ಮ್ಯಾಲ ಇನ್ನೂ ಏನಿಲ್ಲ. ಬೀಪ್ ಸೈತ ಇಲ್ಲ.

ಬೀದರ್ ಬೆಂಚ್

ಗಾಬರಿ ಆಗಬ್ಯಾಡ್ರಿ, ರ‍್ಯಾಮ್ ಪೂರಾ ಕೂತಿರಂಗಿಲ್ಲ. ಅದಕ್ಕ ಮೊದಲು ಬೋರ್ಡಿಗೆ ಬೀಪ್ ಸ್ಪೀಕರ್ ಅದ ಇಲ್ಲ ನೋಡ್ರಿ. ಬಹಳ ಕ್ಯಾಬಿನೆಟ್‌ನಾಗ ಕೊಟ್ಟಿರಂಗಿಲ್ಲ. ಬೆರಳ ತುದಿಯಷ್ಟು ಬಜರ್ ಸಿಗ್ತದ, ಬೋರ್ಡಿನ ಸ್ಪೀಕರ್ ಪಿನ್ನಿಗೆ ಹಾಕ್ರಿ.

ಕರೆಂಟ್ ಕಿತ್ತು, ಎರಡೂ ರ‍್ಯಾಮ್ ತೆಗೆದು, ಖಾಲಿ ಹಂಗೇ ಚಾಲೂ ಮಾಡ್ರಿ. ಬೀಪ್ ಬಂದ್ರ ಬಹಳ ಚಲೋ ಸುದ್ದಿ, ಬೋರ್ಡ್, ಪ್ರೊಸೆಸರ್, ಬಯಾಸ್ (ಚಾಲೂ ಆದ ಕೂಡ್ಲೆ ಬೋರ್ಡಿನಾಗ ಮೊದಲು ಓಡೋ ಪ್ರೋಗ್ರಾಂ) ಮೂರೂ ಜೀವಂತ ಅವ, ರ‍್ಯಾಮ್ ಎಲ್ಲಿ ಅಂತ ಕೇಳ್ಲಿಕತ್ತಾವ. ಆಮ್ಯಾಲ ಒಂದೇ ರ‍್ಯಾಮ್ ಒಂದೇ ಸ್ಲಾಟ್‌ನಾಗ ಹಾಕಿ ನೋಡ್ರಿ. ಎರಡು ರ‍್ಯಾಮ್, ಎರಡು ಸ್ಲಾಟ್, ಒಟ್ಟು ನಾಲ್ಕೇ ಸಲ. ಪ್ರತಿ ಸಲ ಪ್ಲಗ್ ಕಿತ್ತು, ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿದು ಉಳಿದ ಕರೆಂಟ್ ಖಾಲಿ ಮಾಡ್ರಿ. ರಬ್ಬರ್‌ಲೆ ತಿಕ್ಕಿದ ಪುಡಿ ಸ್ಲಾಟ್ ಒಳಗ ಬಿದ್ದಿದ್ರೂ ಹಿಂಗಾಗ್ತದ, ಒಣ ಮೆತ್ತನ ಬ್ರಶ್‌ಲೆ ತೆಗೀರಿ. ರ‍್ಯಾಮ್ ಒತ್ತಿದಾಗ ಪಕ್ಕದ ಚಿಲಕ ತಾನೇ ಟಕ್ ಅಂತ ಮುಚ್ಚಬೇಕು, ನೀವು ಬೆರಳಲೆ ಮುಚ್ಚೋದಲ್ಲ.

ಕಲಬುರಗಿ ಡಿಟಿಪಿ

ಖಾಲಿ ಇದ್ದಾಗ ಉದ್ದುದ್ದ ಬೀಪ್ ಬಂತ್ರಿ. ಸಿಪಿಯು ಕಡೆ ಸ್ಲಾಟ್ ಒಳಗ ರಬ್ಬರ್ ಪುಡಿ ಇತ್ತು. ತೆಗೆದ ಮ್ಯಾಲ ಎರಡೂ ರ‍್ಯಾಮ್ ತಗೊಂಡಾವ, ಡಿಸ್‌ಪ್ಲೇ ಬಂತು. ಸಿಮಾಸ್ ಚೆಕ್‌ಸಮ್ ಎರರ್, ಎಫ್1 ಒತ್ತು ಅಂತ ಬಂತು, ಒತ್ತಿದೆ. ಡಿಸ್ಕ್ ಹಚ್ಚಿದೆ. ವಿಂಡೋಸ್ ಗುರುತು ಬಂದು ಎರಡು ಸೆಕೆಂಡಿಗೆ ನೀಲಿ ಸ್ಕ್ರೀನ್, ಮತ್ತ ರೀಸ್ಟಾರ್ಟ್. ಮೊಬೈಲ್‌ನಾಗ ವಿಡಿಯೊ ಮಾಡಿ ನಿಲ್ಲಿಸಿ ಓದೀನಿ, ಸ್ಟಾಪ್ ಕೋಡಿನ ಕೊನೀಗೆ 7ಬಿ ಅದ. ಡಿಸ್ಕ್ ಹೋತೇನ್ರಿ?

ಸೇಡಂ ಸರ್ವಿಸ್

ಡಿಸ್ಕ್ ಹೋಗಿಲ್ಲ. ವಿಂಡೋಸ್ ಹಾಕೋದೂ ಬ್ಯಾಡ, ಯಾರಾದ್ರೂ ಫಾರ್ಮ್ಯಾಟ್ ಮಾಡ್ಬೇಕಂದ್ರ ಕೊಡಬ್ಯಾಡ್ರಿ.

ಸೆಲ್ ಸತ್ತು ಹೊಸಾದು ಹಾಕಿದಾಗ ಬಯಾಸ್ ಸೆಟ್ಟಿಂಗ್ ಎಲ್ಲಾ ಕಂಪನಿ ಕೊಟ್ಟಂಗ ಆಗ್ಯಾವ. ಅದರಾಗ ಸಾಟಾ ಮೋಡ್ ಒಂದು, ಅಂದ್ರ ಬೋರ್ಡ್ ಡಿಸ್ಕಿನ ಜೊತೀಗೆ ಮಾತಾಡೋ ರೀತಿ. ನಿಮ್ಮ ವಿಂಡೋಸ್ ಹಾಕುವಾಗ ಅದು ಐಡಿಇ ಇದ್ದಿರಬೇಕು, ಈಗ ಎಎಚ್‌ಸಿಐ ಆಗ್ಯಾದ, ಅಥವಾ ಉಲ್ಟಾ. ವಿಂಡೋಸ್ 7 ತಾನು ಹಾಕಿಸಿಕೊಂಡ ಮೋಡಿನ ಡ್ರೈವರ್ ಅಷ್ಟೇ ಬೂಟಿಗೆ ತಯಾರಿಟ್ಟಿರ್ತದ. ಮೋಡ್ ಬದಲಾದ್ರ ತನ್ನ ಡಿಸ್ಕೇ ತನಗ ಕಾಣಂಗಿಲ್ಲ, 7ಬಿ ಅಂತ ನಿಲ್ತದ. ಡಿಲೀಟ್ ಅಥವಾ ಎಫ್2 ಒತ್ತಿ ಬಯಾಸ್ ಒಳಗ ಹೋಗಿ ಸಾಟಾ ಮೋಡ್ ಈಗ ಇದ್ದದ್ದನ್ನ ಬಿಟ್ಟು ಇನ್ನೊಂದಕ್ಕ ಮಾಡ್ರಿ, ಎಫ್10 ಒತ್ತಿ ಸೇವ್ ಮಾಡ್ರಿ. ಅಲ್ಲಿದ್ದಾಗಲೇ ತಾರೀಖು, ವ್ಯಾಳ್ಯಾ ಸರಿ ಮಾಡ್ರಿ. ತಾರೀಖು ತಪ್ಪಿದ್ರ ಬ್ರೌಸರ್ ಪ್ರತಿ ಸೈಟಿಗೂ ಸುರಕ್ಷಿತ ಅಲ್ಲ ಅಂತದ. ಬೂಟ್ ಆರ್ಡರಿನಾಗ ಹಾರ್ಡ್‌ಡಿಸ್ಕ್ ಮೊದಲಿರ್ಲಿ.

ಕಲಬುರಗಿ ಡಿಟಿಪಿ

ಎಎಚ್‌ಸಿಐ ಇತ್ತು, ಐಡಿಇ ಮಾಡಿದೆ. ವಿಂಡೋಸ್ ಬಂತು, ಪೇಜ್‌ಮೇಕರ್ ತೆರೀತು, ಫೈಲ್ ಎಲ್ಲಾ ಅವ. ಇವತ್ತು ಮುಂಜಾನೆ ಒಂದೇ ಸಲಕ್ಕ ಚಾಲೂ ಆಯ್ತು, ತಾರೀಖೂ ಸರಿ ಅದ. ಮೂವರಿಗೂ ಬಹಳ ಉಪಕಾರ ಆಯ್ತ್ರಿ. ಫೈಲ್ ಕಾಪಿ ಮಾಡುವಾಗ ಏನಾದ್ರೂ ನೋಡ್ಕೋಬೇಕೇನು?

ಬೀದರ್ ಬೆಂಚ್

ಇವತ್ತೇ ಮಾಡ್ರಿ, ಡಿಸ್ಕಿಗೆ ವಯಸ್ಸಾಗ್ಯಾದ. ಫೈಲ್ ಅಷ್ಟೇ ಅಲ್ಲ, ಇಡೀ ಫೋಲ್ಡರ್ ತಗೋರಿ. ಪೇಜ್‌ಮೇಕರ್ ದೊಡ್ಡ ಚಿತ್ರವನ್ನ ಫೈಲ್ ಒಳಗ ಇಟ್ಕೊಳ್ಳದೇ ಬರೇ ಲಿಂಕ್ ಇಟ್ಟಿರ್ತದ, ದೇವರ ಫೋಟೊ, ಬಾರ್ಡರ್ ಬ್ಯಾರೆ ಫೋಲ್ಡರಿನಾಗ ಉಳಿದ್ರ ಪ್ರಿಂಟಿನಾಗ ಮಸಕು ಬರ್ತಾವ. ವಿಂಡೋಸ್ ಫಾಂಟ್ಸ್ ಫೋಲ್ಡರಿನಿಂದ ನುಡಿ ಫಾಂಟ್ ಎಲ್ಲಾ ಜೊತೀಗೆ ಕಾಪಿ ಮಾಡ್ರಿ. ಆ ಹಳೇ ನುಡಿ ಅಕ್ಷರ ಯುನಿಕೋಡ್ ಅಲ್ಲ, ಫಾಂಟ್ ಇಲ್ದ ಮಷೀನಿನಾಗ ತೆರೆದ್ರ ಕನ್ನಡದ ಜಾಗಕ್ಕ ಇಂಗ್ಲಿಷ್ ಅಕ್ಷರ, ಚುಕ್ಕಿ, ಗೆರೆ ಕಾಣ್ತಾವ. ಮುಂದ ಎಂದಾದ್ರೂ ಈ ಫೈಲ್ ಹೊಸ ಸಾಫ್ಟ್‌ವೇರಿಗೆ ಒಯ್ಯೋದಾದ್ರ ಇನ್‌ಡಿಸೈನ್ ಸಿಎಸ್6 ತನಕದ ಆವೃತ್ತಿ ಪೇಜ್‌ಮೇಕರ್ 7ರ ಫೈಲ್ ನೇರ ತೆರೀತಾವ.

ವಿಂಡೋಸ್ 7ಕ್ಕ 2020ರ ಜನವರಿಯಿಂದ ಮಾಮೂಲಿ ಸೆಕ್ಯೂರಿಟಿ ಅಪ್‌ಡೇಟ್ ನಿಂತದ. ಗಿರಾಕಿ ತರೋ ಪೆನ್‌ಡ್ರೈವ್ ಇದಕ್ಕ ಹಾಕದೇ ಬ್ಯಾರೆ ಮಷೀನಿನಾಗ ಸ್ಕ್ಯಾನ್ ಮಾಡಿ ಕೊಡ್ರಿ. ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಹಳೇ ಪ್ಯಾರಲಲ್ ಪೋರ್ಟಿಗೆ ಹಚ್ಚಿದ್ದು ಇದ್ರ, ಬಯಾಸ್ ರೀಸೆಟ್ ಆದಾಗ ಆ ಪೋರ್ಟಿನ ಮೋಡೂ ಬದಲಾಗಿರ್ತದ. ಒಂದು ಬಿಲ್ ತೆಗೆದು ನೋಡ್ರಿ, ಅಡ್ಡಾದಿಡ್ಡಿ ಬಂದ್ರ ಬಯಾಸ್‌ನಾಗ ಆ ಪೋರ್ಟಿನ ಮೋಡ್ ಇಸಿಪಿ ಇದ್ದದ್ದನ್ನ ಎಸ್‌ಪಿಪಿ ಮಾಡ್ರಿ.